ಡಿಸ್ಕಿಗೆ ಹಚ್ಚಿದ ಎಣ್ಣೆ

ಅಣ್ಣ ಕೊಟ್ಟ ಏಟಿಗೆ ಸೈಕಲ್ ಮೆಕ್ಯಾನಿಕ್ ಗೋಡೆಗೆ ಬಡಿದು, ಅಲ್ಲಿ ನೇತುಹಾಕಿದ್ದ ಟೈರುಗಳ ಸಮೇತ ನೆಲಕ್ಕುರುಳಿದ. ಅಣ್ಣನ ಹಿಂದೆಯೇ ಓಡಿಬಂದಿದ್ದ ತಂಗಿ ಅಂಗಡಿಯ ಬಾಗಿಲಲ್ಲೇ ಕಲ್ಲಾಗಿ ನಿಂತಳು.

“ಹೊಸ ಹೈಡ್ರಾಲಿಕ್ ಬ್ರೇಕು, ಒಂದೇ ಬೆರಳಿಗೆ ನಿಲ್ಲುತ್ತೆ ಅಂದ್ಯಲ್ಲೋ!” ಅಣ್ಣನ ಗದ್ದದ ಹೊಲಿಗೆಯಿಂದ ರಕ್ತ ಜಿನುಗುತ್ತಿತ್ತು. ಬೆಳಿಗ್ಗೆ ಇಳಿಜಾರಿನಲ್ಲಿ ಎಷ್ಟು ಹಿಡಿದರೂ ಸೈಕಲ್ ನಿಲ್ಲದೆ, ಕಾಂಪೌಂಡಿಗೆ ಗುದ್ದಿ ಮುಂದಿನ ಹಲ್ಲು ಕಳೆದುಕೊಂಡಿದ್ದ. “ಬ್ರೇಕ್ ಪೈಪಲ್ಲಿ ಗಾಳಿ ಬಿಟ್ಟು ಕಳ್ಸಿದೀಯ, ಅದಕ್ಕೇ ಹಿಡೀಲಿಲ್ಲ!”

ಗಾಳಿ ಇರಲಿಲ್ಲ. ಬ್ರೇಕ್ ಕೂರಿಸಿದ ದಿನ ಹ್ಯಾಂಡಲ್ಲಿನ ಲಿವರ್ ಹಿಡಿದಿದ್ದವಳು ತಂಗಿಯೇ. “ಒತ್ತಿ, ಹಿಡ್ಕೊಳ್ಳಿ... ಈಗ ಬಿಡಿ,” ಎನ್ನುತ್ತ ಅವನು ಕೆಳಗೆ ಕೂತು, ಪೈಪಿನೊಳಗಿನ ಗುಳ್ಳೆಗಳನ್ನೆಲ್ಲ ಹೊರಗೆ ಹಾಕಿದ್ದ. ಎಲ್ಲ ಮುಗಿದ ಮೇಲೂ, “ಇನ್ನೊಂದ್ಸಲ ಒತ್ತಿ,” ಎಂದಿದ್ದ.

“ಗುಳ್ಳೆ ಎಲ್ಲಿದೆ?”

“ಇರ್ಬೋದು,” ಎಂದು ಅವಳ ಕಣ್ಣನ್ನೇ ನೋಡಿ ಕಳ್ಳನಗೆ ನಕ್ಕಿದ್ದ. ಅಲ್ಲಿಗೆ ಅವಳ ಕಥೆ ಮುಗಿದಿತ್ತು. ಆಮೇಲೆ ಅಣ್ಣ ಮಧ್ಯಾಹ್ನ ನಿದ್ದೆ ಹೋದಾಗಲೆಲ್ಲ ಅವನ ಸೈಕಲ್ಲಿನಲ್ಲೇ ಇಲ್ಲಿಗೆ ಹಾರಿ ಬರುತ್ತಿದ್ದಳು.

ಮೆಕ್ಯಾನಿಕ್ ತೆವಳಿ ಹೋಗಿ, ಅಣ್ಣ ತಂದು ಬಿಸಾಡಿದ್ದ ಸೈಕಲ್ಲಿನ ಚಕ್ರದಲ್ಲಿ ಬ್ರೇಕ್ ಕಚ್ಚುವ ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿದ. ತಲೆಯೆತ್ತಿ ಅವಳನ್ನು ನೋಡಿದ.

ಅವಳಿಗೆ ಆಗ ಹೊಳೆಯಿತು. ನಿನ್ನೆ ವಾಪಸ್ ಹೋದಾಗ ಗೇಟಿನ ಬಳಿ ಬ್ರೇಕ್ ಕಿರ್ರೆಂದು ಕಿರುಚಿ ಅಣ್ಣನನ್ನು ಎಬ್ಬಿಸಿಬಿಟ್ಟಿತ್ತು. ಇನ್ನು ಕಿರುಚದಿರಲಿ ಎಂದು ಅವಳು ಎರಡೂ ಡಿಸ್ಕಿಗೆ ತನ್ನ ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿದ್ದಳು. ಎಣ್ಣೆ ತಾಗಿದರೆ ಬ್ರೇಕ್ ಜಾರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ತಪ್ಪು ನಂದೇ,” ಎಂದ ಮೆಕ್ಯಾನಿಕ್.

ಅಣ್ಣ ಅವನ ಬಲಗೈಯನ್ನು ಎಳೆದು ಕೆಲಸದ ಮೇಜಿಗೆ ಒತ್ತಿಹಿಡಿದ. ಇನ್ನೊಂದು ಕೈಯಲ್ಲಿ ಸುತ್ತಿಗೆ ಎತ್ತಿದ. “ಈ ಕೈ ಇನ್ನು ಯಾವ ಬ್ರೇಕೂ ಮುಟ್ಬಾರ್ದು!”

ಆ ಕೈ ಹೋದರೆ ಅವನ ಬದುಕೇ ಹೋಯಿತು. “ಎಣ್ಣೆ ಹಾಕಿದ್ದು ನಾನು!” ಎಂದು ಅವಳು ಚೀರಿದಳು. “ಕದ್ದು ಇವನ್ನ ನೋಡೋಕೆ ಬರ್ತಿದ್ದೆ. ನಿಂಗೆ ಸದ್ದು ಕೇಳ್ಬಾರ್ದು ಅಂತ ಹಾಕ್ದೆ!”

ಅಣ್ಣ ಆ ಕೈ ಬಿಟ್ಟು ಕೊಟ್ಟ ಕಪಾಳಮೋಕ್ಷಕ್ಕೆ ಅವಳ ಕಿವಿ ಗುಂಯ್ಗುಟ್ಟಿತು. ತನಗೆ ಬಿದ್ದ ಏಟಿಗೆ ಕೈಯೆತ್ತದಿದ್ದ ಮೆಕ್ಯಾನಿಕ್ ಈಗ ಗಾಳಿ ಪಂಪು ಎತ್ತಿ ಅಣ್ಣನ ಭುಜಕ್ಕೆ ಬಾರಿಸಿದ. ಅಣ್ಣ ಕಣ್ಣಲ್ಲಿ ಕೆಂಡ ಕಾರುತ್ತ ಮತ್ತೆ ಸುತ್ತಿಗೆ ಎತ್ತಿದಾಗ ಅವಳು ಇಬ್ಬರ ನಡುವೆ ನುಗ್ಗಿದಳು.

“ನಿನ್ನ ಸಾಯ್ಸೋಕೆ ಹೋಗಿದ್ದವಳು ನಾನು, ಅಣ್ಣ. ಗೊತ್ತಿಲ್ದೆ ಮಾಡ್ದೆ, ಆದ್ರೂ ಮಾಡಿದ್ದು ನಾನೇ. ಹೊಡೀ ನನ್ನ. ಇವನನ್ನ ಮುಟ್ಬೇಡ.”

ಸುತ್ತಿಗೆ ಬೀಸಿ ಬಂತು. ಅವಳು ಕಣ್ಣು ಮುಚ್ಚಲಿಲ್ಲ. ಅದು ಪಕ್ಕದ ಶೋಕೇಸಿಗೆ ಬಡಿದು ಗಾಜೆಲ್ಲ ಅವಳ ಕಾಲಬಳಿ ಸುರಿಯಿತು.

“ಇನ್ನು ಮನೆ ಕಡೆ ತಲೆ ಹಾಕ್ಬೇಡ,” ಎಂದ ಅಣ್ಣ. ಅವನ ದನಿ ಒಡೆದಿತ್ತು. ತಿರುಗಿ ನೋಡದೆ ನಡೆದುಬಿಟ್ಟ.

ಅವಳು ಸೆರಗು ಒದ್ದೆಮಾಡಿ ಮೆಕ್ಯಾನಿಕ್‌ನ ಒಡೆದ ತುಟಿ ಒರೆಸಿದಳು. “ನಂದೇ ತಪ್ಪು ಅಂತ ಯಾಕೆ ಹೇಳ್ದೆ?”

“ನಿನ್ನ ಹೆಸ್ರು ಹೇಳಿದ್ರೆ ಏಟು ನಿಂಗೆ ಬೀಳ್ತಿತ್ತು.”

“ಬೀಳ್ಲಿ. ನನ್ನ ಪಾಲಿನ ಏಟು ನಾನೇ ತಿಂತೀನಿ. ಅದಕ್ಕೆ ಒಪ್ಪಿದ್ರೆ ನನ್ನ ಮದ್ವೆ ಆಗು. ಇಲ್ಲಾಂದ್ರೆ ಬೇಡ.”

ಅವನು ನಗಲು ಹೋದ, ತುಟಿ ಮತ್ತೆ ಒಡೆಯಿತು.

“ನಗಬೇಡ, ಹೇಳು.”

“ಒಪ್ಪಿದೀನಿ, ಮಹಾರಾಯ್ತಿ.”

ಅವಳು ಬಾಗಿ ಮುತ್ತಿಟ್ಟಳು. ಅವನ ತುಟಿಯ ರಕ್ತ ಅವಳ ತುಟಿಗೂ ಹತ್ತಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.