ಹೆಪ್ಪಾಗದ ಹಾಲು

ಕುರಿ ತೊಳೆಯಲು ತೊಣ್ಣೂರು ಕೆರೆಗೆ ಇಳಿದವರ ಕಣ್ಣಿಗೆ ಮೊದಲು ಬಿದ್ದದ್ದು ನೀಲಿ ಅಂಗಿ. ತೂಬಿನ ಕಲ್ಲಿಗೆ ಸಿಕ್ಕಿಕೊಂಡಿತ್ತು. ಆ ಕೆರೆಯ ನೀರು ಎಷ್ಟು ತಿಳಿ ಎಂದರೆ, ಅಂಗಿಯೊಳಗೆ ಯಾರಿದ್ದಾರೆಂದು ಯಾರೂ ಕೇಳಬೇಕಾಗಲಿಲ್ಲ.

ಶಿವಶಂಕರ್. ಊರಿಗೆಲ್ಲ ಶಿವು. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವನು. ಮಂಗಳವಾರ ಬೆಳಿಗ್ಗೆಯಿಂದ ಕಾಣೆಯಾಗಿದ್ದ. ಇವತ್ತು ಬುಧವಾರ.

ಪಾಂಡವಪುರದ ಸಬ್ ಇನ್‌ಸ್ಪೆಕ್ಟರ್ ಅರ್ಪಿತ ಬಗ್ಗಿ ನೋಡಿದಳು. ಹಣೆಯ ಪಕ್ಕ ಗಾಯ. ಕಲ್ಲು ತಗುಲಿದ್ದೂ ಇರಬಹುದು, ಕಲ್ಲಿನಿಂದ ಹೊಡೆದದ್ದೂ ಇರಬಹುದು. ಡಾಕ್ಟರೂ ಅಷ್ಟಕ್ಕೇ ನಿಲ್ಲಿಸಿದರು. "ನೀರು ತುಂಬ ತಣ್ಣಗಿದೆ. ಸೋಮವಾರ ರಾತ್ರಿ ಸತ್ತನೋ, ಮಂಗಳವಾರ ಬೆಳಗಿನ ಜಾವವೋ, ಆಣೆ ಮಾಡಿ ಹೇಳಲಾರೆ."

ಆಣೆ ಮಾಡಿ ಹೇಳುವವನು ಒಬ್ಬನಿದ್ದ. ಶಿವುವಿನ ಜೀವದ ಗೆಳೆಯ ರಾಹುಲ್. ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಅಳುತ್ತಲೇ ಮೊಬೈಲು ಚಾಚಿದ.

"ರಾತ್ರಿಯೆಲ್ಲ ಅವ್ನ ಮನೆ ಸರ್ವರ್ ಚಾಟಲ್ಲೇ ಮೆಸೇಜ್ ಮಾಡ್ದ ಮೇಡಂ. ಬೇಜಾರು, ಬದುಕು ಸಾಕು ಅಂತ. ತಮಾಷೆ ಮಾಡ್ತಾವ್ನೆ ಅಂದ್ಕಂಡೆ."

ಕೊನೆಯ ಮೆಸೇಜು ಮಂಗಳವಾರ ಕೋಳಿ ಕೂಗುವ ಹೊತ್ತಿನದು: 'ಕೆರೆ ಕಡೆಗೆ ಹೋಗ್ತೀನಿ. ಅವ್ವನ್ನ ನೋಡ್ಕೊ.'

ಆ ಹೊತ್ತಿಗೆ ರಾಹುಲ್ ನಾಗಮಂಗಲದ ಛತ್ರವೊಂದರಲ್ಲಿ ನೆಂಟರ ಮದುವೆಗೆ ಬಾಳೆಕಂದು ಕಟ್ಟುತ್ತಿದ್ದ. ನೋಡಿದವರು ನೂರು ಜನ.

"ಆತ್ಮಹತ್ಯೆನೇ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಚೌಡಯ್ಯ. "ಬರ್ಕಂಡು ಮುಗುಸ್ಬುಡಾನ."

* * *

ಶಿವುವಿನ ತಾಯಿ ಚಿಕ್ಕಬೋರಮ್ಮ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳುತ್ತಿದ್ದಳು.

"ನನ್ ಮಗ ನನ್ನ ಬುಟ್ಟು ಓಗನಲ್ಲ ಕಣವ್ವ. ಸಾಯಂಗಿದ್ರೆ ನಂಗೊಂದ್ ಮಾತು ಯೇಳ್ದೆ ಓಯ್ತಿದ್ನಾ? ಅಂಗಂತ ಬರೀಬ್ಯಾಡ. ಊರೋರು ನನ್ನೇ ಆಡ್ಕಂತಾರೆ, ಅವ್ವನೇ ಏನೋ ಅಂದಿರ್ಬೇಕು ಅಂತ."

ಅರ್ಪಿತ ಅವಳ ಪಕ್ಕ ಕೂತು ಸೋಮವಾರ ರಾತ್ರಿಯ ವಿಷಯ ಕೇಳಿದಳು.

"ಉಂಡು ಈಚೆಗೋದ. ಬತ್ತೀನಿ ಮನೀಕಳವ್ವ ಅಂದ. ಹಾಲಿಗೆ ಎಪ್ಪಾಕಿ ಮನೀಕಂಡೆ. ವತ್ತಾರೆ ಎದ್ರೆ ಮಗ ಇಲ್ಲ. ಮುಚ್ಚಳ ತೆಗುದ್ರೆ ಹಾಲು ಹಾಲಾಗೇ ಅದೆ, ಮೊಸ್ರಾಗಿಲ್ಲ. ಆಗ್ಲೇ ಎದೆ ಒಡ್ಕಂಡ್ತು. ಬಾಗ್ಲಾಚೆ ಚೆಲ್ಬುಟ್ಟೆ."

"ಅಪಶಕುನ," ಎಂದು ಚೌಡಯ್ಯ ತಲೆಯಾಡಿಸಿದ.

ಬೀದಿಗೆ ಬೇರೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಶಿವುವಿನ ಸರ್ವರ್ ಗೊರಗುಟ್ಟುತ್ತಿತ್ತು. ಹಗಲೂ ರಾತ್ರಿ ಆರದೆ ಓಡುವ ಕರಿಯ ಪೆಟ್ಟಿಗೆ. ಅವನ ವೆಬ್‌ಸೈಟು, ಗೆಳೆಯರ ಜೊತೆಗಿನ ಚಾಟು, ಬೀದಿಯ ಕ್ಯಾಮೆರಾದ ರೆಕಾರ್ಡಿಂಗು, ಎಲ್ಲವೂ ಅದರೊಳಗೇ.

ಕ್ಯಾಮೆರಾ ಎಂದಾಕ್ಷಣ ಚೌಡಯ್ಯನ ಕಿವಿ ನೆಟ್ಟಗಾಯಿತು. ಎದುರು ಮನೆಯ ಹೊನ್ನಪ್ಪ ಆ ಕ್ಯಾಮೆರಾದ ವಿಷಯಕ್ಕೆ ಶಿವು ಜೊತೆ ಜಗಳವಾಡಿದ್ದ. 'ನಮ್ಮನೆ ಬಾಗ್ಲಿಗೆ ಕಣ್ಣಿಡ್ತೀಯೇನ್ಲಾ, ಕೆರೆಗೆ ಎತ್ತಾಕ್ತೀನಿ' ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದ. ಸೋಮವಾರ ಎಲ್ಲಿದ್ದೆ ಎಂದರೆ ಮನೆಯಲ್ಲೇ ಎಂದ. ಮನೆಯಲ್ಲಿರಲಿಲ್ಲ ಎಂದಳು ಹೆಂಡತಿ.

ಠಾಣೆಯಲ್ಲಿ ಕೂರಿಸಿದ ಮೇಲೆ ಬಾಯಿ ಬಿಟ್ಟ. ಹೆಂಡತಿಗೆ ಗೊತ್ತಾಗದಂತೆ ಕುರಿ ಕೊಳ್ಳಲು ಬಿಂಡಿಗನವಿಲೆಗೆ ಹೋಗಿ, ಮಾರಿದವನ ಮನೆಯಲ್ಲೇ ಮಲಗಿದ್ದ. ವಿಚಾರಿಸಿದರೆ ನಿಜವೇ. ಹೊನ್ನಪ್ಪ ಪೊಲೀಸರಿಂದ ಪಾರಾದ, ಹೆಂಡತಿಯ ಕೈಗೆ ಸಿಕ್ಕಿಬಿದ್ದ.

* * *

ಮರುದಿನ ಅರ್ಪಿತ ಶಿವುವಿನ ವೆಬ್‌ಸೈಟು ಓದಲು ಕೂತಳು. ಅದರಲ್ಲಿದ್ದದ್ದು ಪುಟ್ಟ ಪುಟ್ಟ ಟಿಪ್ಪಣಿಗಳು. ಪ್ರೋಗ್ರಾಮ್ ಬರೆಯುವವರ ಸಾಧನಗಳು, ಮನೆಯಲ್ಲಿ ಸರ್ವರ್ ಸಾಕುವ ಕಷ್ಟಸುಖ, ಎಲ್ಲವೂ ಹಳ್ಳಿಯ ಹುಡುಗರಿಗೆ ತಿಳಿಯುವ ಕನ್ನಡದಲ್ಲಿ.

'ಗಿಟ್ ಎಂಬ ಸಾಧನ ಕಲಿಯಿರಿ. ಕೋಡು ಕೆಟ್ಟರೆ ನಿನ್ನೆಗೆ ವಾಪಸು ಹೋಗಬಹುದು. ಜೀವನದಲ್ಲಿ ಆ ಸೌಲಭ್ಯ ಇಲ್ಲ.'

ಅವಳಿಗೆ ನಗು ಬಂತು. ಸತ್ತವನ ಮಾತಿಗೆ ನಕ್ಕೆನಲ್ಲ ಎಂದು ಸಂಕಟವೂ ಆಯಿತು.

ಹೋದ ವಾರದ್ದು: 'ದೀಪಾವಳಿಯಲ್ಲಿ ಕೈಕೊಟ್ಟಿದ್ದ ಡಿಸ್ಕಿನಿಂದ ಕೊನೆಗೂ ಫೈಲುಗಳನ್ನು ಎತ್ತಿದೆ. ಇನ್ನೂ ತೆರೆದು ನೋಡಿಲ್ಲ. ಆ ಸಾಧನದ ಬಗ್ಗೆ ಮುಂದೆ ಬರೆಯುತ್ತೇನೆ.'

ಮುಂದೆ ಬರೆಯುತ್ತೇನೆ. ಬದುಕು ಸಾಕಾದವನು ಬರೆಯುವ ಸಾಲೇ ಇದು?

ಅದರ ಕೆಳಗೆ ಇನ್ನೊಂದು: 'ಸರ್ವರಿನ ಬಿಸಿ ವ್ಯರ್ಥವಲ್ಲ. ಮಾಗಿ ಚಳಿಯಲ್ಲಿ ಅವ್ವ ಹೆಪ್ಪು ಹಾಕಿದ ಹಾಲನ್ನು ಅದರ ಮೇಲಿಡುತ್ತಾಳೆ. ಒಂದು ದಿನ ಆರಿಸಿದ್ದಕ್ಕೆ ಮೊಸರಾಗದೆ ಬೈಸಿಕೊಂಡೆ.'

ಅರ್ಪಿತ ಕುರ್ಚಿಯಿಂದ ಎದ್ದೇಬಿಟ್ಟಳು.

"ಚೌಡಯ್ಯ, ಜೀಪ್ ತೆಗೀರಿ. ಬರ್ತಾ ಒಂದು ಲೀಟರ್ ಹಾಲು ತಗೊಳ್ಳಿ."

* * *

ಶನಿವಾರ ಬೆಳಿಗ್ಗೆ ರಾಹುಲ್‌ನನ್ನು ಶಿವುವಿನ ಮನೆಗೇ ಕರೆಸಿದಳು. ಚಿಕ್ಕಬೋರಮ್ಮ ಅವನನ್ನು ಕಂಡು "ಉಂಡೇನ್ಲಾ ಮಗ?" ಎಂದಳು. ಅವನು ತಲೆ ತಗ್ಗಿಸಿ ಕೂತ.

"ಸೋಮವಾರ ರಾತ್ರಿ ಕರೆಂಟ್ ಹೋಗಿತ್ತಾ, ರಾಹುಲ್?"

"ಓದ್ರೂ ಏನಾಗಕಿಲ್ಲ ಮೇಡಂ. ಯುಪಿಎಸ್ ಐತಲ್ಲ."

"ಹಾಗಾದ್ರೆ ಸರ್ವರ್ ನಿಂತೇ ಇಲ್ಲ?"

"ಒಂದ್ ನಿಮ್ಸಾನೂ ಇಲ್ಲ. ನಿಂತಿದ್ರೆ ಚಾಟ್ ಎಂಗ್ ಬತ್ತಿತ್ತು?"

"ಅದನ್ನೇ ನಾನೂ ಕೇಳ್ತಿರೋದು."

ಅವಳು ಎರಡು ಪಾತ್ರೆ ತಂದು ಮುಂದಿಟ್ಟಳು. ಒಂದರಲ್ಲಿ ಕೆನೆಗಟ್ಟಿದ ಗಟ್ಟಿ ಮೊಸರು. ಇನ್ನೊಂದರಲ್ಲಿ ಹಾಲು.

"ಒಂದೇ ಹಾಲು, ಒಂದೇ ಹೆಪ್ಪು. ಮೊನ್ನೆ ರಾತ್ರಿ ಇಟ್ಟು ನೋಡಿದ್ದೆ, ನಿನ್ನೆ ರಾತ್ರಿ ಮತ್ತೆ ಹಾಗೇ ಒಂದನ್ನು ಓಡೋ ಸರ್ವರ್ ಮೇಲಿಟ್ಟೆ, ಇನ್ನೊಂದನ್ನು ನೆಲದ ಮೇಲೆ. ಸೋಮವಾರ ಈ ತಾಯಿ ಇಟ್ಟ ಪಾತ್ರೆಯೂ ಸರ್ವರ್ ಮೇಲೇ ಇತ್ತು. ಮೊಸರಾಗಲಿಲ್ಲ. ಅಂದ್ರೆ ರಾತ್ರಿಯೆಲ್ಲ ಸರ್ವರ್ ತಣ್ಣಗಿತ್ತು. ಆರಿಸಿದ ಸರ್ವರಿನಿಂದ ಶಿವು ನಿನಗೆ ಮೆಸೇಜ್ ಹೆಂಗೆ ಮಾಡಿದ?"

ರಾಹುಲ್ ನಕ್ಕ. ಅದು ನಗುವಿನ ಹಾಗಿರಲಿಲ್ಲ.

"ಮೊಸರಿನ ಸಾಕ್ಷಿ ಕೋರ್ಟಲ್ಲಿ ನಡೀತದಾ ಮೇಡಂ?"

"ನಡೆಯಲ್ಲ. ಆದ್ರೆ ನಿನ್ನ ಅಂಗಡಿ ಹುಡುಕೋಕೆ ಅಷ್ಟು ಸಾಕಾಯ್ತು."

ಚೌಡಯ್ಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಹಳೆಯ ಹಾರ್ಡ್ ಡಿಸ್ಕು. ಶಿವು ಕೊಂಡಿದ್ದ ಬಿಲ್ಲಿನಲ್ಲಿರುವ ನಂಬರೇ ಇದರ ಮೇಲೂ ಇತ್ತು. ರಾಹುಲ್ ಅದನ್ನು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಮಾಲಿನ ಜೊತೆ ಮಾರಾಟಕ್ಕೆ ಇಟ್ಟಿದ್ದ. ರಿಪೇರಿ ಅಂಗಡಿಯವರು ಡಿಸ್ಕು ಎಸೆಯುವುದುಂಟೆ? ಅಳಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ.

"ದೀಪಾವಳಿ ವಾರ ಈ ಮನೆ ಮುಂದೆ ಸಹನ ಅನ್ನೋ ಹುಡುಗೀಗೆ ಕಾರು ಗುದ್ದಿತ್ತು," ಎಂದಳು ಅರ್ಪಿತ. ಪಿಯುಸಿ ಓದುತ್ತಿದ್ದ ಹುಡುಗಿ, ಉಳಿಯಲಿಲ್ಲ. ಗುದ್ದಿದವನನ್ನು ಹಿಡಿದೇ ಹಿಡಿಯುತ್ತೇನೆಂದು ಅವಳ ಅಪ್ಪನಿಗೆ ಅರ್ಪಿತ ಮಾತು ಕೊಟ್ಟಿದ್ದಳು. "ಆಗ ಕ್ಯಾಮೆರಾ ರೆಕಾರ್ಡಿಂಗ್ ಕೇಳಿದ್ವಿ. ಡಿಸ್ಕು ಕೆಟ್ಟಿದೆ ಅಂದಿದ್ದ ಶಿವು. ಹೋದ ವಾರ ಸರಿ ಮಾಡಿ, ತೆರೆದು ನೋಡಿದ. ಕಂಡದ್ದು ನಿನ್ನ ಕಾರೇ ಇರಬೇಕು. ಆ ಕಾರಿನ ಮುಂಭಾಗ ರಿಪೇರಿ ಮಾಡಿದವನು ಕೆ.ಆರ್. ಪೇಟೆಯಲ್ಲಿ ಸಿಕ್ಕಿದ. ಪಾಂಡವಪುರದಲ್ಲಿ ಗ್ಯಾರೇಜೇ ಇರಲಿಲ್ವಾ?"

ರಾಹುಲ್ ಬೀದಿ ಬಾಗಿಲ ಕಡೆ ನೋಡಿದ.

"ಸೋಮವಾರ ರಾತ್ರಿ ಏರಿ ಮೇಲೆ ಶಿವುಗೆ ಹೊಡೆದು ಕೆರೆಗೆ ನೂಕಿದೆ. ಅವನ ಬೀಗದ ಕೈಯಲ್ಲೇ ಈ ಕೋಣೆಗೆ ಬಂದೆ. ಇಲ್ಲೇ ಕೂತ್ರೆ ತಾಯಿ ಎದ್ದಾಳು ಅಂತ ಸರ್ವರ್ ಆರಿಸಿ, ಡಿಸ್ಕುಗಳನ್ನೆಲ್ಲ ಕಿತ್ತು ಅಂಗಡಿಗೆ ಒಯ್ದೆ. ಅಲ್ಲಿ ರೆಕಾರ್ಡಿಂಗ್ ಅಳಿಸಿ, ಕಂಪ್ಯೂಟರಿನ ಗಡಿಯಾರ ಮುಂದಕ್ಕೆ ತಿದ್ದಿ, ಶಿವುವಿನ ಮಾತನ್ನೂ ನೀನೇ ಬರೆದೆ. ಬೆಳಗಾಗೋ ಮೊದಲು ಹಳೇ ಡಿಸ್ಕೊಂದನ್ನು ಬಿಟ್ಟು ಉಳಿದದ್ದನ್ನು ವಾಪಸ್ ಹಾಕಿ, ಸರ್ವರ್ ಹಚ್ಚಿ ಮದುವೆಗೆ ಓಡಿದೆ. ಕಂಪ್ಯೂಟರಿನ ಗಡಿಯಾರ ನಿನ್ನ ಮಾತು ಕೇಳ್ತು. ಹಾಲು ಕೇಳಲಿಲ್ಲ."

ರಾಹುಲ್ ಹಾಲಿನ ಪಾತ್ರೆಯನ್ನೇ ನೋಡುತ್ತ ಬಾಯಿ ತೆರೆದ.

"ಬಾ, ಠಾಣೆಗೋಗಿ ಒಪ್ಕೊ, ನಾನೂ ಜೊತೇಲಿ ಬತ್ತೀನಿ ಅಂದ. ಬುಟ್ಬುಡ್ಲಾ ಅಂತ ಕಾಲಿಡ್ಕಂಡೆ. ಆ ಹುಡ್ಗಿ ಮಕ ನೋಡಿವ್ನಿ ಕಣ್ಲಾ, ಬುಡಕಾಗಕಿಲ್ಲ ಅಂದ."

ಚಿಕ್ಕಬೋರಮ್ಮ ಅಲುಗಾಡದೆ ಕೇಳುತ್ತಿದ್ದಳು. ಎಷ್ಟೋ ವರ್ಷ ತನ್ನ ಕೈಯಾರೆ ಮೊಸರನ್ನ ಬಡಿಸಿದ್ದ ಹುಡುಗ ಅವನು.

"ಆ ಪೆಟ್ಗೆ ಬಿಚ್ಚಕೆ ಮದ್ಲು ಪಾತ್ರೆ ಎತ್ತಿ ಮಡುಗಿದ್ದು ನೀನೇನ್ಲಾ?"

"ಊಂ, ಅವ್ವ."

"ಆಮೇಲೆ ಅದ್ರ ಮೇಲೇ ಮಡುಗ್ದೆ."

"ಊಂ."

"ತುಳುಕುಸ್ದಂಗೆ ಮಡುಗಿದ್ಯಲ್ಲ ಮಗ. ಹಾಲಿನ ಮೇಲಿದ್ದ ಕರುಣೆ ನನ್ ಮಗನ ಮೇಲೆ ಇಲ್ದೋಯ್ತಾ?"

ಚೌಡಯ್ಯ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದ. ಜೀಪಿನವರೆಗೂ ರಾಹುಲ್ ತಿರುಗಿ ನೋಡಲಿಲ್ಲ.

ಅರ್ಪಿತ ಹೊರಡಲು ಎದ್ದಳು. ಮುದುಕಿ ಅವಳ ಕೈ ಹಿಡಿದಳು.

"ನನ್ ಮಗ ತಾನಾಗಿ ಓಗ್ನಿಲ್ಲ. ಅಲ್ವೇನವ್ವ?"

"ಇಲ್ಲಮ್ಮ. ಬರ್ತೀನಿ ಅಂತ ಹೇಳಿಯೇ ಹೋಗಿದ್ದ. ಹಾಗೇ ಬರೀತೀನಿ."

ಚಿಕ್ಕಬೋರಮ್ಮನಿಗೆ ಆಗ ಅಳು ಬಂತು. ಇಷ್ಟು ದಿನ ಎಲ್ಲಿತ್ತೋ, ಮೈಯೆಲ್ಲ ಅಲುಗುವಂತೆ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಕೋಣೆಯತ್ತ ನೋಡಿದಳು. ಪೆಟ್ಟಿಗೆ ಇನ್ನೂ ಗೊರಗುಟ್ಟುತ್ತಿತ್ತು.

"ಅದುನ್ನ ಆರುಸ್ಬುಡವ್ವ," ಎಂದಳು. "ಇನ್ ಯಾರ್ಗೆ ಮೊಸರು?"