ಕಂಬಳಿ ಗಂಟಾದ ಕೆಂಚ

ಬಹಳ ಹಿಂದೆ, ಏಳು ಕೆರೆಗಳ ಹೊಳಲುಗಿರಿ ರಾಜ್ಯದಲ್ಲಿ ಸಿರಿಯಾಳೆ ಎಂಬ ಹುಡುಗಿಯಿದ್ದಳು. ಅವಳ ತಮ್ಮ ಕೆಂಚ. ಹುಟ್ಟಿನಿಂದಲೇ ಅವನ ಕಾಲು ನಿಲ್ಲುತ್ತಿರಲಿಲ್ಲ, ಮಾತು ತಡೆತಡೆದು ಬರುತ್ತಿತ್ತು. ಕರಾಳದಂತನೆಂಬ ಮಾಂತ್ರಿಕ ಇವರ ತಾಯಿಯನ್ನು ಹಂಸ ಮಾಡಿ ತನ್ನ ಕೊಳದಲ್ಲಿ ಬಿಟ್ಟಿದ್ದ. ಇಬ್ಬರು ಮಕ್ಕಳೂ ಬಂದು "ಅವ್ವಾ" ಎಂದು ಕರೆದರಷ್ಟೇ ಅವಳಿಗೆ ಬಿಡುಗಡೆ.

ಸಿರಿಯಾಳೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ದಾರಿಯಲ್ಲಿ ಮಾಂತ್ರಿಕನ ಮೂರು ಸುಂಕದ ಬಾಗಿಲು. ಹೊತ್ತ ಸರಕನ್ನು ಬಾಗಿಲಲ್ಲಿ ಏನೆಂದು ಹೇಳುತ್ತೀರೋ, ದಾಟಿದ ಮೇಲೆ ಅದು ಅದೇ ಆಗುತ್ತದೆ. ತಿದ್ದಬೇಕಾದರೆ ಅದೇ ಬಾಗಿಲಿಗೆ ಮರಳಬೇಕು. ಅದು ಅಲ್ಲಿನ ಕಟ್ಟಳೆ.

"ಬೆನ್ನ ಮೇಲೇನು ಮಗಾ?" ಮೊದಲ ಬಾಗಿಲ ಕರಡಿ ಕೇಳಿತು.

ಹಿಂದಿನ ಸಾಲಿನವರು ಕತ್ತು ಚಾಚಿದರು. ಒಬ್ಬ ಹಲ್ಲು ಕಿಸಿದ. ಸಿರಿಯಾಳೆಯ ಕಿವಿ ಬಿಸಿಯಾಯಿತು.

"ಕಂಬಳಿ ಗಂಟು."

ದಾಟಿದರೆ ಬೆನ್ನ ಮೇಲೆ ನಿಜಕ್ಕೂ ಕಂಬಳಿ ಗಂಟು! ಸುಳ್ಳೇಕೆ, ಅವಳಿಗೆ ಹಾಯೆನಿಸಿತು. ಆಮೇಲೆ ಮರಳಿ ಬಂದು ತಿದ್ದಿದರಾಯಿತು ಅಂದುಕೊಂಡಳು.

ಎರಡನೆಯ ಬಾಗಿಲಲ್ಲಿ ಹುಲಿ. "ಗಂಟು ಉಸಿರಾಡ್ತಿದೆಯಲ್ಲೇ?"

"ಒಳಗೆ ಬೆಕ್ಕಿದೆ."

ಗಂಟು ಬೆಕ್ಕಾಯಿತು.

ಮೂರನೆಯದರಲ್ಲಿ ಗಿಳಿ. "ಯಾರದೇ ಈ ಕುಂಟು ಬೆಕ್ಕು?"

"ಯಾರದೋ. ನನ್ನದಲ್ಲ."

ಬೆಕ್ಕು ಹೆಗಲಿಂದಿಳಿಯಿತು. ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿ, ಕಾಲೆಳೆಯುತ್ತ ಬೇಲಿಯತ್ತ ಹೋಯಿತು.

ಕೊಳದಲ್ಲಿ ಹಂಸ ಸರಸರನೆ ಈಜಿ ಬಂತು. ಸಿರಿಯಾಳೆಯ ಬೆನ್ನ ಹಿಂದೆ ನೋಡಿತು. ಆ ಪಕ್ಕ ನೋಡಿತು, ಈ ಪಕ್ಕ ನೋಡಿತು. ಸಿರಿಯಾಳೆಗೆ ತಲೆ ಎತ್ತಲಾಗಲಿಲ್ಲ. "ಅವ್ವಾ" ಎನ್ನುವ ಮುಖ ಎಲ್ಲಿತ್ತು?

ಓಡಿದಳು. ಪರಚಿಸಿಕೊಂಡು ಬೆಕ್ಕನ್ನು ಹಿಡಿದಳು. ಗಿಳಿಗೆ, "ನನ್ನದೇ" ಎಂದಳು. ಬೆಕ್ಕು ಅವಳ ಕೊರಳಿಗೆ ಒರಗಿತು. ಹುಲಿಗೆ, "ಬೆಕ್ಕಿಲ್ಲ" ಎಂದಳು. ಬೆಕ್ಕು ಗಂಟಾಯಿತು. ಕರಡಿಯ ಬಾಗಿಲಲ್ಲಿ ಜನ ಇನ್ನೂ ಹೆಚ್ಚಿದ್ದರು.

"ಗಂಟಲ್ಲ. ನನ್ನ ತಮ್ಮ, ಕೆಂಚ."

"ಏನಾಗಿದೆ ಅವನಿಗೆ?" ಕರಡಿ ಕೇಳಿತು.

"ಕಾಲು ಹುಟ್ಟಿನಿಂದ ಹಾಗೇ. ಮಾತು ನಿಧಾನ, ಕಾದರೆ ಪೂರ್ತಿ ಬರುತ್ತೆ."

"ವಾಸಿಯಾಗುತ್ತಾ?"

"ಗೊತ್ತಿಲ್ಲ."

"ಅಂಟುತ್ತಾ?" ಹಲ್ಲು ಕಿಸಿದವನು ಕೇಳಿದ.

"ದಿನಾ ಹೊರೋಳು ನಾನು. ನನಗಂಟಿದೆಯಾ ನೋಡಣ್ಣ."

ಗಂಟು ಕೆಂಚನಾಯಿತು, ಅದೇ ಕಾಲು, ಅದೇ ಮಾತು.

"ನಾ...ನು ಗಂ...ಟಾ?"

"ತಪ್ಪಾಯ್ತು ಕಣೋ." ಅವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಜನ ನಾಚಿ ಹೇಳಿದ ಸುಳ್ಳೇ ಮಾಂತ್ರಿಕನ ಬಲ. ನಾಲ್ಕು ಜನರೆದುರು ನಿಜ ಹೊರಬಿದ್ದೊಡನೆ ಮೂರು ಬಾಗಿಲೂ ಕುಸಿದವು, ಕರಾಳದಂತ ಹೊಗೆಯಾಗಿ ಹೋದ. ಕೊಳದ ಬಳಿ ಅಕ್ಕ ಕರೆದಳು. ತಮ್ಮನ "ಅ...ವ್ವಾ" ಮುಗಿಯುವವರೆಗೆ ಹಂಸ ಕಾದು, ತಾಯಿಯಾಗಿ ಎದ್ದು ಬಂತು.

ಮೂವರೂ ನೂರು ಕಾಲ ಸುಖವಾಗಿದ್ದರು. ಸಂತೆಯಲ್ಲಿ ಯಾರಾದರೂ, "ಯಾರಪ್ಪಾ ನಿನ್ನ ಹೊತ್ತಿರೋಳು?" ಎಂದರೆ ಕೆಂಚ ಸಾವಕಾಶವಾಗಿ ಹೇಳುತ್ತಿದ್ದ: "ಕಂ...ಬಳಿ... ಗಂಟು."

ಸಿರಿಯಾಳೆ ತಲೆ ತಗ್ಗಿಸಿ, ಅವನು ಹೇಳಿ ಮುಗಿಸುವವರೆಗೂ ಕಾಯುತ್ತಿದ್ದಳು.