ಇವತ್ತು ಮೀನು ಬಿಡಲ್ಲ

“ಜಾರ್ ಇಲ್ಲಿ ಕೊಡು ನೂರೀನ್.”

“ಕೊಡಲ್ಲ.”

“ಲೇ, ಅಬ್ಬಾ ಕೇಳ್ತಾವ್ರೆ ಕಣೇ!” ಎಂದ ಅಣ್ಣ ಅಕೀಬ್.

“ಯಾರು ಕೇಳಿದ್ರೂ ಕೊಡಲ್ಲ.”

ನೂರೀನ್ ಗಾಜಿನ ಜಾರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ಎರಡು ಗೋಲ್ಡ್ ಫಿಶ್ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ತಿರುಗುತ್ತಿದ್ದವು. ತುಳುಕಿದ ನೀರಿನಿಂದ ಅವಳ ಫ್ರಾಕು ಒದ್ದೆಯಾಗಿತ್ತು.

ನೂರೀನಳ ಅಬ್ಬಾ ಲಾಲ್ ಸಾಬ್ ಅವರಿಗೆ ಚಿತ್ರದುರ್ಗದಲ್ಲಿ ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಕಿಟಕಿ ಗಾಜು ಬೇಕೆಂದರೂ, ಮದುವೆ ಫೋಟೋಗೆ ಕಟ್ಟು ಹಾಕಿಸಬೇಕೆಂದರೂ ಜನ ಅವರ ಹತ್ತಿರವೇ ಬರುತ್ತಿದ್ದರು. ಆದರೆ ಅವರು ಮೀನಿನ ಟ್ಯಾಂಕ್ ಮಾಡಿದ್ದು ಇದೇ ಮೊದಲು. “ಪಾಪ, ಜಾರಲ್ಲಿ ತಿರುಗಾಕೂ ಜಾಗ ಇಲ್ಲ” ಎಂದು ಶುರು ಮಾಡಿದ ಕೆಲಸ. ದಪ್ಪ ಗಾಜು ಕುಯ್ದು, ಅಂಚು ಉಜ್ಜಿ, ಗಮ್ ಹಾಕಿ ಜೋಡಿಸಿದ್ದರು. ಗಮ್ ಒಣಗುವ ತನಕ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ.

ಈ ಸುದ್ದಿ ಹೊಸ ಹೋಟೆಲ್ ತೆರೆಯುತ್ತಿದ್ದ ಪಾಲಣ್ಣನಿಗೆ ತಲುಪಿತ್ತು. “ಬಂದು ನೋಡ್ತೀನಿ ಸಾಬ್ರೇ. ಚೆನ್ನಾಗಿದ್ರೆ ನಮ್ ಹೋಟ್ಲಿಗೂ ಇಂಥದ್ದೊಂದು ಮಾಡಿಕೊಡ್ರಿ” ಎಂದಿದ್ದ. ಅವನು ಬರುವುದು ಇವತ್ತೇ.

ಅದಕ್ಕೇ ಬೆಳಿಗ್ಗೆ ನಲ್ಲಿ ಬಂದ ಕೂಡಲೇ ಅಬ್ಬಾ ಮತ್ತು ಅಕೀಬ್ ಕೊಡದ ಮೇಲೆ ಕೊಡ ಸುರಿದು ಟ್ಯಾಂಕ್ ತುಂಬಿಸಿದ್ದರು. ಅಮ್ಮಿ ಮಾತ್ರ ಗೊಣಗುತ್ತಿದ್ದಳು. “ನಲ್ಲಿ ಬರಾದೇ ಅಪರೂಪ. ನಮಗೆ ಕುಡಿಯಾಕೆ ನೀರಿಲ್ಲ, ಮೀನಿಗೆ ಸ್ವಿಮ್ಮಿಂಗ್ ಪೂಲಾ?”

ನೂರೀನ್ ಬಗ್ಗಿ ಆ ನೀರನ್ನು ಮೂಸಿ ನೋಡಿದ್ದಳು. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಅಡರಿತು. ಆಗಲೇ ಅವಳು ಓಡಿಹೋಗಿ ಜಾರನ್ನು ಎತ್ತಿಕೊಂಡಿದ್ದು.

“ಈ ನೀರು ಒಂದಿನ ಹಂಗೇ ಇರ್ಬೇಕು ಅಬ್ಬಾ. ವಾಸನೆ ಹೋಗ್ಲಿ. ನಾಳೆ ಬಿಡಾಣ.”

“ಸ್ವಲ್ಪ ಹೊತ್ತು ಅಷ್ಟೇ ಬೇಟಾ. ಪಾಲಣ್ಣ ನೋಡ್ಕೊಂಡು ಹೋದ ಕೂಡ್ಲೇ ತೆಗೆದುಬಿಡಾಣ.”

“ಕಪ್ಪು ಮೀನು ಮರೆತೋಯ್ತಾ?”

ಹೋದ ಬೇಸಿಗೆಯಲ್ಲಿ ಜಾರಿನ ನೀರನ್ನೆಲ್ಲ ಚೆಲ್ಲಿ, ನೇರ ನಲ್ಲಿ ನೀರು ಹಿಡಿದಾಗ ಕಪ್ಪು ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತ್ತು. ಸಂಜೆಯೊಳಗೆ ಸತ್ತೇ ಹೋಗಿತ್ತು. ನಲ್ಲಿ ನೀರನ್ನು ಒಂದು ದಿನ ಇಟ್ಟು ಬಳಸಬೇಕು ಅಂತ ಮೀನಿನ ಅಂಗಡಿಯವರು ಹೇಳಿದ್ದು ಆಮೇಲೆ.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

“ಬರ್ರಿ ಪಾಲಣ್ಣ, ಕುಂತ್ಕಳ್ರಿ” ಎಂದು ಅಬ್ಬಾ ಸ್ಟೂಲು ಎಳೆದರು.

ಪಾಲಣ್ಣ ಕೂರಲಿಲ್ಲ. ಟ್ಯಾಂಕಿನ ಸುತ್ತ ಒಂದು ಸುತ್ತು ಬಂದ. “ಎಲ್ಲಿ ಸಾಬ್ರೇ ಮೀನು? ಬರೀ ನೀರು ತೋರಿಸ್ತೀರಲ್ಲ!”

ಅಬ್ಬಾ ಮಗಳ ಕಡೆ ತಿರುಗಿ ಕೈ ಚಾಚಿದರು. “ನೂರೀನ್...”

ಅವರ ದನಿ ಮೆತ್ತಗಿತ್ತು. ಗದರಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನೂರೀನ್ ಜಾರನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಇಲ್ಲ ಅಬ್ಬಾ.”

ಪಾಲಣ್ಣ ಜೋರಾಗಿ ನಕ್ಕ. “ಏನ್ ಸಾಬ್ರೇ, ಮಗಳ ಮುಂದೆ ನಿಮ್ ಮಾತು ನಡಿಯಲ್ವಾ?”

ನೂರೀನಳ ಕಿವಿ ಬಿಸಿಯಾಯಿತು. “ನಡೀತೈತೆ. ಆದ್ರೆ ಈ ನೀರಿಗೆ ಬಿಟ್ರೆ ಮೀನು ಸಾಯ್ತವೆ. ನಿಮ್ ಹೋಟ್ಲಲ್ಲಿ ಸತ್ತ ಮೀನು ಇಡ್ತೀರಾ?”

ಪಾಲಣ್ಣನ ನಗು ನಿಂತಿತು. “ಬಾಯಿ ಜೋರೈತೆ” ಎಂದ. “ಮೀನು ಬಿಟ್ಮೇಲೆ ಹೇಳಿ ಕಳಿಸ್ರಿ ಸಾಬ್ರೇ. ಟೈಮ್ ಸಿಕ್ರೆ ಬರ್ತೀನಿ.”

ಸ್ಕೂಟರ್ ಹೊರಟುಹೋಯಿತು.

“ಹೋಯ್ತು ಆರ್ಡರ್!” ಎಂದ ಅಕೀಬ್.

ಅಬ್ಬಾ ಮೇಜಿನ ಮೇಲಿದ್ದ ಗಾಜಿಗೆ ಸ್ಕೇಲಿಟ್ಟು ಕುಯ್ಯತೊಡಗಿದರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ. ಸಂಜೆ ನೂರೀನ್ ತಾನೇ ಟೀ ತಗೊಂಡು ಅಂಗಡಿಗೆ ಹೋದಳು.

“ಕೋಪಾನಾ ಅಬ್ಬಾ?”

“ಹೊರಗಿನವರ ಮುಂದೆ ಹಂಗಂದುಬಿಟ್ಟೆಯಲ್ಲ ಬೇಟಾ.”

ನೂರೀನಳ ಕಣ್ಣು ತುಂಬಿ ಬಂತು. ಆದರೂ ಹೇಳಿದಳು, “ಇನ್ನೊಂದ್ ಸಲ ಕೇಳಿದ್ರೂ ಹಂಗೇ ಅಂತೀನಿ.”

ಅಬ್ಬಾ ಟೀ ಕುಡಿದು, ಖಾಲಿ ಲೋಟವನ್ನು ಅವಳ ಕೈಗಿಟ್ಟರು. ಅಷ್ಟೇ.

ಮರುದಿನ ಸ್ಕೂಲಿನಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ನೀರು ಮೂಸಿದಳು. ವಾಸನೆ ಇರಲಿಲ್ಲ.

“ಪಾಲಣ್ಣಂಗೆ ಹೇಳಿ ಬರ್ಲಾ?” ಎಂದು ಅಕೀಬ್ ಚಪ್ಪಲಿ ಮೆಟ್ಟಿದ.

“ಬ್ಯಾಡ” ಎಂದು ಅಬ್ಬಾ ಅಂಗಡಿಯ ಷಟರನ್ನು ಅರ್ಧ ಎಳೆದರು. “ಮೊದ್ಲು ನಾವು ನೋಡಾಣ.”

ನೂರೀನ್ ಜಾರಿನ ನೀರಿನ ಸಮೇತ ಮೀನುಗಳನ್ನು ಪ್ಲಾಸ್ಟಿಕ್ ಕವರಿಗೆ ಬಿಟ್ಟಳು. ಕವರನ್ನು ಟ್ಯಾಂಕಿನಲ್ಲಿ ತೇಲಿಸಿ, ಅಬ್ಬಾ ಅದರ ಬಾಯಿ ಹಿಡಿದುಕೊಂಡರು. ಅವಳು ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ಹಾಕುತ್ತಾ ಹೋದಳು.

“ಈಗ ಬಿಡ್ಲಾ?” ಎಂದರು ಅಬ್ಬಾ.

“ಇನ್ನೂ ಸ್ವಲ್ಪ ತಡೀರಿ.”

“ಈಗ?”

“ಅಬ್ಬಾ!”

“ಸರಿ, ಸರಿ.”

ಕೊನೆಗೆ ಅವಳು ತಲೆಯಾಡಿಸಿದಾಗ ಅಬ್ಬಾ ಕವರನ್ನು ಮೆಲ್ಲಗೆ ಓರೆ ಮಾಡಿದರು. ಎರಡೂ ಮೀನು ಹೊರಗೆ ಜಾರಿ ಮೂಲೆಯಲ್ಲಿ ಅಲುಗಾಡದೆ ನಿಂತವು. ದೊಡ್ಡ ಮೀನು ಬಾಲ ಬೀಸಿತು. ಮತ್ತೆ ಬೀಸಿತು. ಆಮೇಲೆ ಈ ಗಾಜಿನಿಂದ ಆ ಗಾಜಿನ ತನಕ ಒಂದೇ ಉಸಿರಿಗೆ ಈಜಿತು. ಚಿಕ್ಕದೂ ಅದರ ಹಿಂದೆಯೇ ಹೊರಟಿತು.

“ನೋಡೇ ನೂರೀನ್, ನೋಡೇ! ಅಕೀಬ್, ಲೈಟ್ ಹಾಕೋ!”

ಅಬ್ಬಾ ನೆಲಕ್ಕೆ ಮಂಡಿಯೂರಿ ಮೂಗನ್ನು ಗಾಜಿಗೆ ಒತ್ತಿದ್ದರು. ಮೀನು ಹೋದ ಕಡೆಗೆಲ್ಲ ಅವರ ತಲೆಯೂ ತಿರುಗುತ್ತಿತ್ತು. ಹೊರಗೆ ಯಾರೋ “ಸಾಬ್ರೇ, ಫ್ರೇಮ್ ಆಯ್ತಾ?” ಎಂದು ಷಟರ್ ಬಡಿಯುತ್ತಿದ್ದರು. ಅಬ್ಬಾಗೆ ಅದು ಕೇಳಿಸಲೇ ಇಲ್ಲ.

ನೂರೀನ್ ಮೀನು ನೋಡುವುದನ್ನು ಬಿಟ್ಟು ಅಬ್ಬಾನನ್ನು ನೋಡಿದಳು. ನಿನ್ನೆಯ ಅವಸರವೆಲ್ಲ ಪಾಲಣ್ಣನಿಗಾಗಿ ಅಂತಲೇ ಇಲ್ಲಿಯವರೆಗೆ ಅಂದುಕೊಂಡಿದ್ದಳು ಅವಳು.

ಟ್ಯಾಂಕಿನ ಎದುರು ನಡುಮಧ್ಯೆ ಇದ್ದವಳು ಸದ್ದಿಲ್ಲದೆ ಪಕ್ಕಕ್ಕೆ ಸರಿದು ಅಬ್ಬಾಗೆ ಜಾಗ ಬಿಟ್ಟಳು.